ಅಮಾವಾಸ್ಯೆಗೆ ಮುಂಚೆ ಉಕ್ಕಿಸಿದ ಹಾಲು

ಕೀಲಿಗಳನ್ನು ನಾನು ಒಂದು ಬೆಳಿಗ್ಗೆ ಇಸಿದುಕೊಂಡೆ, ಮಾರನೆಯ ಬೆಳಿಗ್ಗೆ ವಾಪಸು ಕೊಟ್ಟೆ. ಇದರ ಬಗ್ಗೆ ಯಾರಿಗೂ ತಕರಾರಿಲ್ಲ. ಆ ಎರಡು ಬೆಳಗುಗಳ ನಡುವೆ ನಡೆದದ್ದನ್ನು ಏನೆಂದು ಕರೆಯಬೇಕು ಎನ್ನುವುದರಲ್ಲಿ ಮಾತ್ರ ಎಲ್ಲರಿಗೂ ತಕರಾರು. ನನಗೂ ಅದು ಪೂರ್ತಿ ಸ್ಪಷ್ಟವಾಗಿಲ್ಲ. ಹಾಗಾಗಿ ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ.

ಹೆಬ್ಬಾಳದಲ್ಲಿ ರಾಜಕಾಲುವೆಯ ದಂಡೆಯ ಮೇಲೆ ಉದ್ದಕ್ಕೆ ಒಂದು ಪಟ್ಟಿಯಂಥ ಜಾಗವಿದೆ. ಅಲ್ಲಿ ತಗಡು, ಟಾರ್ಪಾಲು, ಹಳೆಯ ಫ್ಲೆಕ್ಸುಗಳಿಂದ ಕಟ್ಟಿಕೊಂಡ ಶೆಡ್ಡುಗಳಿದ್ದವು. ಹೆಚ್ಚಿನವರು ಯಾದಗಿರಿ, ರಾಯಚೂರು ಕಡೆಯಿಂದ ಬಂದವರು. ಗಂಡಸರು ಸೆಂಟ್ರಿಂಗ್, ಟೈಲ್ಸ್ ಕೆಲಸಕ್ಕೆ ಹೋಗುತ್ತಿದ್ದರು. ಹೆಂಗಸರು ಸುತ್ತಲಿನ ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸಕ್ಕೆ. ಜೋರು ಮಳೆ ಬಂದರೆ ಕಾಲುವೆ ಉಕ್ಕಿ ಅವರ ಹಾಸಿಗೆಯವರೆಗೆ ನೀರು ಬರುತ್ತಿತ್ತು. ಕಾಲುವೆಯನ್ನು ಅಗಲ ಮಾಡಬೇಕು, ಅದಕ್ಕೆ ಈ ಜನ ಅಲ್ಲಿಂದ ಏಳಬೇಕು. ಅವರಿಗಾಗಿ ಚಿಕ್ಕಬಾಣಾವರ ದಾಟಿದ ಮೇಲೆ ಮೂರು ಮಹಡಿಯ ವಸತಿ ಸಮುಚ್ಚಯ ಎದ್ದಿತ್ತು. ಇವರನ್ನು ಇಲ್ಲಿಂದ ಅಲ್ಲಿಗೆ ಸೇರಿಸುವ ಕೆಲಸವನ್ನು ಮನೆ ಕಟ್ಟಿಸಿದ ಇಲಾಖೆಯವರು ನಮ್ಮ ಸಣ್ಣ ಸಂಸ್ಥೆಗೆ ವಹಿಸಿದ್ದರು. ಸಂಸ್ಥೆ ಅದನ್ನು ನನಗೆ ವಹಿಸಿತ್ತು.

ಕೆಲಸ ಹೇಳಲು ಸುಲಭ. ಯಾರು ಯಾರು ಅಲ್ಲಿದ್ದಾರೆ ಎಂದು ಖಾತ್ರಿ ಮಾಡಿಕೊಳ್ಳುವುದು, ಅವರನ್ನು ಕರೆದುಕೊಂಡು ಹೋಗಿ ಮನೆ ತೋರಿಸುವುದು, ಯಾರಿಗೆ ಯಾವ ಮಹಡಿ ಎಂದು ಎಲ್ಲರ ಎದುರಿಗೆ ಚೀಟಿ ಎತ್ತಿಸುವುದು, ಮಕ್ಕಳ ಶಾಲೆ ಬದಲಿಸುವುದು, ಸಾಮಾನು ಸಾಗಿಸಲು ಟೆಂಪೊ ಹಿಡಿಯುವುದು. ಹೋದ ಮೇಲೆ ಕೆಲವು ತಿಂಗಳು ಬಿಟ್ಟು ಅವರು ಅಲ್ಲೇ ವಾಸವಿದ್ದಾರೆಯೇ ಎಂದು ನೋಡಿ ಬರುವುದೂ ಅದರಲ್ಲಿ ಸೇರಿತ್ತು.

ಆ ಶೆಡ್ಡುಗಳ ಸಾಲಿನಲ್ಲಿ ನಡುವಿನದು ರೊಟ್ಟಿ ಮಾಡುವ ಒಬ್ಬ ಹೆಂಗಸಿನದು. ಎಲ್ಲರೂ ರೊಟ್ಟಿ ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಶೆಡ್ಡಿನ ಮುಂದೆ ಮಣ್ಣು ಮೆತ್ತಿದ ಎರಡು ಒಲೆ. ಉರುವಲಿಗೆ ಸೆಂಟ್ರಿಂಗಿನವರು ಬಿಸಾಡಿದ ಹಲಗೆ ತುಂಡುಗಳು. ಬೆಳಕು ಹರಿಯುವ ಮುಂಚೆ ಕೂತರೆ ಜೋಳದ ರೊಟ್ಟಿ ಬಡಿದು ಬಡಿದು ಬುಟ್ಟಿ ತುಂಬುತ್ತಿದ್ದಳು. ಆರ್.ಟಿ. ನಗರದ ಎರಡು ಖಾನಾವಳಿಯವರು ಬೈಕಿನಲ್ಲಿ ಬಂದು ಒಯ್ಯುತ್ತಿದ್ದರು. ಆಕೆಯ ಗಂಡ ಊರಿಗೆ ಹೋದವನು ತಿರುಗಿ ಬಂದಿರಲಿಲ್ಲ. ಮನೆಯಲ್ಲಿ ಅತ್ತೆ, ಏಳನೇ ಕ್ಲಾಸಿನ ಮಗಳು. ಮೂವರೂ ಆ ಎರಡು ಒಲೆಯ ಮೇಲೆ ಬದುಕಿದ್ದರು.

ಅತ್ತೆಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಲಾಗದು. ವಯಸ್ಸಾದವರಿಗೆ ನೆಲಮಹಡಿ ಕೊಡಬೇಕೆಂಬ ನಿಯಮವಿದ್ದದ್ದರಿಂದ ಇವರು ಚೀಟಿ ಎತ್ತುವ ಪ್ರಮೇಯ ಬರಲಿಲ್ಲ. ಮೂಲೆಯ ಮನೆ ಸಿಕ್ಕಿತು. ಒಂದು ಹಾಲ್, ಒಂದು ರೂಮು, ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವಷ್ಟು ಜಾಗ. ತೋರಿಸಲು ಕರೆದುಕೊಂಡು ಹೋದ ದಿನ ಅತ್ತೆ ಗೋಡೆಯನ್ನು ಅಂಗೈಯಿಂದ ಸವರಿ ನೋಡಿದಳು. ರೊಟ್ಟಿ ಅಕ್ಕ ನೇರವಾಗಿ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ಅದು ಕೆಮ್ಮಿದಂತೆ ಸದ್ದು ಮಾಡಿ ಸುಮ್ಮನಾಯಿತು.

ಜೊತೆಗಿದ್ದ ಸಹಾಯಕ ಎಂಜಿನಿಯರ್ ಚಿಕ್ಕ ವಯಸ್ಸಿನವರು, ಸದಾ ಆತುರದಲ್ಲಿರುವವರು. "ಪೈಪ್‌ಲೈನ್ ರೋಡ್‌ವರೆಗೂ ಬಂದಿದೆ ಮೇಡಂ. ಒಳಗಡೆ ಕನೆಕ್ಷನ್ ಕೊಡೋದಷ್ಟೇ. ಆಗ್ಬಿಡುತ್ತೆ" ಎಂದರು.

"ನೀರ್ ಬರ್ತಾವ ಬಿಡ್ರಿ ಸಾಹೇಬ್ರ. ನಾ ರೊಟ್ಟಿ ಎಲ್ಲಿ ಬಡೀಲಿ, ಅದ್ ಹೇಳ್ರಿ" ಎಂದಳು ರೊಟ್ಟಿ ಅಕ್ಕ.

"ಒಳಗೆ ಗ್ಯಾಸ್ ಇಟ್ಕೊಳಿ."

"ಗ್ಯಾಸಿನ ಮ್ಯಾಲ ಮನಿ ಮಂದಿಗೆ ಆಗ್ತದ್ರಿ. ಖಾನಾವಳಿಗೆ ಆಗಂಗಿಲ್ಲ."

ಸಮುಚ್ಚಯದ ಕಾವಲುಗಾರ ಅಲ್ಲೇ ಪಕ್ಕದ ಹಳ್ಳಿಯ ಯಜಮಾನ. ಒಂದು ಕಾಲದಲ್ಲಿ ಆ ಜಾಗದ ಸುತ್ತ ರಾಗಿ ಬೆಳೆದವನಂತೆ. ಆತ ಬಾಗಿಲಲ್ಲಿ ನಿಂತು ಹೇಳಿದ: "ಸೌದೆ ಒಲೆ ಗಿಲೆ ಇಲ್ಲ ಕಣವ್ವ. ಒಗೆ ಮೇಲಕ್ ಓಗ್ತದೆ, ಮೇಲ್ನೋರು ನನ್ ತಲೆ ತಿಂತಾರೆ."

ಆಕೆ ಮನೆಯ ಹಿಂದೆ ಬಟ್ಟೆ ಒಗೆಯುವ ಜಾಗವನ್ನು ಮತ್ತೊಮ್ಮೆ ಹೋಗಿ ನೋಡಿ ಬಂದಳು.

ಸ್ಥಳಾಂತರದ ದಿನಾಂಕ ಬಂದಾಗ ಮೊದಲ ತೊಡಕು ಎದುರಾಯಿತು. ಅದು ಆಷಾಢದಲ್ಲಿ ಬಿದ್ದಿತ್ತು. ಶೆಡ್ಡುಗಳ ಮುಂದೆ ಸಭೆ ಸೇರಿಸಿ ನಾನು ದಿನ ಹೇಳಿದೆ. ಅತ್ತೆ ಕೂತಲ್ಲಿಂದಲೇ, "ಆಷಾಢದಾಗ ಹೊಸಾ ಮನಿ ಹೊಸ್ತಿಲ ದಾಟತಾರೇನವ್ವ ಯಾರರ? ನೀ ದಾಟ್ತೀ?" ಎಂದಳು. ನಮ್ಮ ಮನೆಯಲ್ಲೂ ದಾಟುವುದಿಲ್ಲ.

ಎಲ್ಲರೂ ಅತ್ತೆಯ ಕಡೆಗೇ ಆದರು. ಕಾಲುವೆ ಉಕ್ಕಿದರೆ ಎಂದು ಕೇಳಿದೆ. ಉಕ್ಕಿದರೆ ರಸ್ತೆ ಮೇಲೆ ಕೂರುತ್ತೇವೆ, ಪ್ರತಿ ವರ್ಷ ಕೂತಿಲ್ಲವೇ ಎಂದರು. ಶ್ರಾವಣ ಹುಟ್ಟಿದ ದಿನವೇ ಬರುತ್ತೇವೆ ಎಂದರು.

ಎಂಜಿನಿಯರಿಗೆ ಫೋನ್ ಮಾಡಿದೆ. ಅವರು ನಕ್ಕರು. ಗೇಲಿಯ ನಗು ಅಲ್ಲ. "ನಾನೇ ಸೈಟ್ ರಿಜಿಸ್ಟ್ರೇಷನ್ ಶ್ರಾವಣಕ್ಕೆ ಇಟ್ಕೊಂಡಿದೀನಿ ಮೇಡಂ. ನಮ್ಮಮ್ಮ ಒಪ್ಪಲ್ಲ. ಆದ್ರೆ ಮಳೆ ಕೇಳುತ್ತಾ? ಮೇಲಿನವ್ರು ಕೇಳ್ತಾರಾ? ಆ ಡೇಟಿಗೆ ಹೋಗ್ಲಿಲ್ಲ ಅಂದ್ರೆ ಮನೆ ಬೇಡ ಅಂತ ಅರ್ಥ, ಮುಂದಿನವ್ರಿಗೆ ಕೊಡಿ ಅಂತಾರೆ." ಮುಂದಿನವರು ಎಂದರೆ ದಾಸರಹಳ್ಳಿಯ ಕಡೆ ರಸ್ತೆ ಬದಿಯಲ್ಲಿದ್ದ ಇನ್ನೊಂದು ಗುಂಪು. ಅವರಿಗೂ ಮನೆಯಿರಲಿಲ್ಲ. ಇದು ಬರೀ ಬೆದರಿಕೆಯ ಮಾತಾಗಿರಲಿಲ್ಲ.

ದಾರಿ ಹೇಳಿದ್ದು ಅತ್ತೆಯೇ. ಮರುದಿನ ನಾನು ಹೋದಾಗ ಆಕೆ ಎಲ್ಲವನ್ನೂ ಯೋಚಿಸಿ ಕೂತಿದ್ದಳು. ಕಾರಹುಣ್ಣಿಮೆ ಆಗಿತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ಇನ್ನೂ ದಿನಗಳಿದ್ದವು. ಅಮಾವಾಸ್ಯೆ ಕಳೆದರೆ ಆಷಾಢ. "ಅದರೊಳಗ ಒಂದ್ ಛಲೋ ದಿನ ನೋಡಿ ಹಾಲ ಉಕ್ಕಿಸಿ ಬಿಡಮು. ಅಲ್ಲೇ ಒಂದ್ ರಾತ್ರಿ ದೀಪ ಹಚ್ಚಿ ಮಕ್ಕೊಂಡು ಬರಮು. ಹೊಸ್ತಿಲ ದಾಟಿದಂಗ ಆತು. ಮುಂದ ಆಷಾಢದಾಗ ನೀವು ಕರದಾಗ ಸಾಮಾನು ಹೊತಗೊಂಡ ಬರ್ತೀವಿ. ಆಗ ದೋಷ ಇಲ್ಲ."

ಇದನ್ನು ಎಂಜಿನಿಯರಿಗೆ ಹೇಳಿದಾಗ ಅವರು ತಕ್ಷಣ ಒಪ್ಪಿದರು. "ನನ್ ತಂಗೀನೂ ಯಲಹಂಕದಲ್ಲಿ ಹಂಗೇ ಮಾಡಿದ್ದು. ಫ್ಲಾಟಿಗೆ ಟೈಲ್ಸೇ ಹಾಕಿರ್ಲಿಲ್ಲ. ಹಾಲುಕ್ಕಿಸಿ ಬಂದ್ಬಿಟ್ಲು, ಆರು ತಿಂಗಳಾದ್ಮೇಲೆ ಹೋದ್ಲು. ಒಂದಿನ ಕೀ ಕೊಡ್ತೀನಿ ಮೇಡಂ. ಮಾರನೇ ದಿನ ವಾಪಸ್ ಕೊಟ್ಬಿಡಿ. ಇದು ಆಫೀಶಿಯಲ್ ಏನಲ್ಲ, ನಮ್ ನಮ್ಮಲ್ಲಿ."

ಗುರುವಾರ ನಿಶ್ಚಯವಾಯಿತು. ಎರಡು ಟೆಂಪೊ ಮಾಡಿಕೊಂಡು ಹೊರಟೆವು. ನೀರನ್ನು ಹೆಬ್ಬಾಳದಿಂದಲೇ ಕ್ಯಾನುಗಳಲ್ಲಿ ತುಂಬಿಕೊಂಡಿದ್ದರು. ಜಾಲಹಳ್ಳಿ ದಾಟುವಷ್ಟರಲ್ಲಿ ಒಂದು ಕ್ಯಾನು ಉರುಳಿ ಎಲ್ಲರ ಸೀರೆ ಒದ್ದೆಯಾಯಿತು. ಯಾರೂ ಬೈಯಲಿಲ್ಲ. ಅಷ್ಟು ಖುಷಿಯಲ್ಲಿದ್ದ ಅವರನ್ನು ನಾನು ಅದಕ್ಕೆ ಮುಂಚೆಯಾಗಲಿ ಅನಂತರವಾಗಲಿ ಕಂಡಿಲ್ಲ.

ಪ್ರತಿ ಮನೆಯಲ್ಲೂ ಪೂರ್ವಕ್ಕೆ ಮುಖ ಮಾಡಿ ಮೂರು ಇಟ್ಟಿಗೆ ಇಟ್ಟು, ಸಗಣಿಯ ಕುಳ್ಳು ಹಚ್ಚಿ, ಹೊಸ ಪಾತ್ರೆಯಲ್ಲಿ ಹಾಲಿಟ್ಟರು. ಮೂರು ಮಹಡಿಯಿಂದಲೂ ಹೊಗೆ ಬಂತು. ಕಾವಲುಗಾರ ಓಡಾಡಿ ಓಡಾಡಿ ಸುಸ್ತಾದ. "ಏನವ್ವಾ ಇದು, ಗೋಡೆಗೆಲ್ಲ ಮಸಿ! ನಾಳೆ ನನ್ನೇ ಕೇಳ್ತಾರೆ!"

"ನಿಮ್ಮ ಮನಿ ಒಕ್ಕಲಿಗೆ ಹಾಲ ಉಕ್ಕಿಸಿಲ್ಲೇನ್ರಿ ಯಜಮಾನ್ರ?" ಎಂದು ರೊಟ್ಟಿ ಅಕ್ಕ ಕೇಳಿದಳು.

"ಉಕ್ಸಿದ್ವಿ. ಅದ್ ನಮ್ ಸ್ವಂತ ಮನೆ."

"ಇದೂ ನಮ್ಮ ಸ್ವಂತ ಮನೀನ."

ಯಜಮಾನನಿಗೆ ನಗು ಬಂತು. "ಸರಿ, ಉಕ್ಸವ್ವ. ಇಂಗೆ ಒಂದಿನ ತಾನೆ" ಎಂದು ಹೊರಗೆ ಹೋಗಿ ಕೂತ.

ಹಾಲು ಪೂರ್ವದ ಕಡೆಗೇ ಉಕ್ಕಿ ಹರಿಯಿತು. ಅತ್ತೆ ಕೈ ಮುಗಿದು ಅತ್ತಳು. ಆ ಹೊತ್ತಿಗೆ ಎಂಜಿನಿಯರ್ ಬಂದರು. ಅವರಿಗೂ ಸಂತೋಷವಾಗಿತ್ತು. ಪ್ರತಿ ಬಾಗಿಲ ಮುಂದೆ ಆ ಮನೆಯವರನ್ನು ಕೀಲಿ ಹಿಡಿದು ನಿಲ್ಲಿಸಿ ತಮ್ಮ ಫೋನಿನಲ್ಲಿ ಚಿತ್ರ ತೆಗೆದರು. ಜನ ತಾವಾಗಿಯೇ ಸೀರೆ ಸರಿ ಮಾಡಿಕೊಂಡು ನಿಂತರು. ನನ್ನನ್ನೂ ಕೆಲವು ಚಿತ್ರಗಳಲ್ಲಿ ನಿಲ್ಲಿಸಿದರು. ಅವು ಕಚೇರಿಯ ವಾಟ್ಸ್ಯಾಪ್ ಗುಂಪಿಗೆ ಹೋದವು. ಕೆಳಗೆ ಅವರು "ಗೃಹಪ್ರವೇಶ ನೆರವೇರಿತು" ಎಂದು ಬರೆದು ಹೂವಿನ ಗುರುತು ಹಾಕಿದ್ದರು. ಮೇಲಿನವರಾರೋ ಹೆಬ್ಬೆರಳು ಎತ್ತಿದ್ದರು. ಇದನ್ನು ನಾನು ಆಮೇಲೆ ನೋಡಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಎಲ್ಲರೂ ಹೆಬ್ಬಾಳಕ್ಕೆ ಮರಳಿದರು. ನಾನು ಕೀಲಿಗಳನ್ನು ಒಟ್ಟು ಮಾಡಿ ಕಾವಲುಗಾರನ ಕೈಯಲ್ಲಿಟ್ಟೆ. ಆತ ಒಂದೊಂದೇ ಎಣಿಸಿಕೊಂಡ.

ಸೋಮವಾರ ಜೆಸಿಬಿ ಬಂತು.

ಆ ಹೊತ್ತಿನಲ್ಲಿ ನಾನು ಯಶವಂತಪುರದಲ್ಲಿ ಶಾಲೆಯೊಂದರ ವರ್ಗಾವಣೆ ಪತ್ರಕ್ಕೆ ಕಾಯುತ್ತಿದ್ದೆ. ರೊಟ್ಟಿ ಅಕ್ಕನ ಮಗಳು ಯಾರದೋ ಫೋನಿನಿಂದ ಕರೆ ಮಾಡಿದಳು. "ಮಿಸ್, ಮನೆ ಒಡೀತಿದಾರೆ" ಎಂದಳು. ಯಾವ ಮನೆ ಎಂದು ನಾನು ಕೇಳಿದೆ. ಅದು ಯಾಕೆ ಬಾಯಿಗೆ ಬಂತೋ ಗೊತ್ತಿಲ್ಲ. "ನಮ್ಮದು" ಎಂದಳು ಹುಡುಗಿ.

ನಾನು ಆಟೊ ಹಿಡಿದು ತಲುಪುವಷ್ಟರಲ್ಲಿ ಸಾಲಿನ ಒಂದು ತುದಿಯಿಂದ ನಡುವಿನವರೆಗೆ ಬಯಲಾಗಿತ್ತು. ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದರು, ಹೆಂಗಸರಲ್ಲೂ ಅರ್ಧ ಜನ ಇರಲಿಲ್ಲ. ತಗಡುಗಳನ್ನು ಯಂತ್ರ ಒಂದರ ಮೇಲೊಂದು ಒಟ್ಟಿತ್ತು. ರೊಟ್ಟಿ ಅಕ್ಕ ಕಬ್ಬಿಣದ ಹಂಚನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಅದು ಇನ್ನೂ ಬಿಸಿಯಿತ್ತು, ಸೆರಗು ಸುತ್ತಿ ಹಿಡಿದಿದ್ದಳು. ಅತ್ತೆ ರಸ್ತೆಯ ಅಂಚಿನಲ್ಲಿ ಹಿಟ್ಟಿನ ಚೀಲದ ಮೇಲೆ ಕೂತಿದ್ದಳು. ಎರಡೂ ಒಲೆ ಇರಲಿಲ್ಲ. ಒಲೆ ಇದ್ದ ಜಾಗವನ್ನು ಕರಿಯ ಮಣ್ಣಿನಿಂದ ಗುರುತಿಸಬಹುದಾಗಿತ್ತು.

ನಾನು ಯಂತ್ರದ ಮುಂದೆ ಹೋಗಿ ನಿಂತೆ. ಧೈರ್ಯದಿಂದಲ್ಲ, ಬೇರೆ ಏನು ಮಾಡಬೇಕೋ ತಿಳಿಯದೆ. ಮೇಸ್ತ್ರಿ ಇಳಿದು ಬಂದ. ಸಿಟ್ಟಿನ ಮನುಷ್ಯನಲ್ಲ.

"ಮೇಡಂ, ಶಿಫ್ಟ್ ಆಗಿರೋ ಶೆಡ್ ತೆಗೀರಿ ಅಂದವ್ರೆ. ನೋಡಿ" ಎಂದು ಫೋನ್ ತೋರಿಸಿದ.

ಹೊಸ ಬಾಗಿಲ ಮುಂದೆ ರೊಟ್ಟಿ ಅಕ್ಕ, ಅತ್ತೆ, ಹುಡುಗಿ. ಕೈಯಲ್ಲಿ ಕೀಲಿ. ಪಕ್ಕದಲ್ಲಿ ನಾನು, ನಗುತ್ತಾ.

"ಇದು ನೀವೇ ತಾನೆ ಮೇಡಂ?" ಎಂದು ಮೇಸ್ತ್ರಿ ಕೇಳಿದ.

ಎಂಜಿನಿಯರಿಗೆ ಕರೆ ಮಾಡಿದೆ. "ನಾನ್ ಹೇಳಿಲ್ಲ ಮೇಡಂ, ದೇವ್ರಾಣೆ. ಫೋಟೊ ನೋಡಿ ಮೇಲಿಂದ ಕಾಲುವೆ ಸೆಕ್ಷನ್‌ಗೆ ಹೇಳ್ಬಿಟ್ಟಿದಾರೆ. ಆಷಾಢ, ಹಾಲು, ಅದೆಲ್ಲ ಅವ್ರಿಗೆ ಏನ್ ಗೊತ್ತು? ಮನೆಗೆ ಹೋದ್ರು ಅಂದ್ಕೊಂಡಿದಾರೆ." ಅವರೇ ಮೇಸ್ತ್ರಿಯ ಜೊತೆ ಮಾತಾಡಿದರು. ಯಂತ್ರ ನಿಂತಿತು. ಉಳಿದ ಅರ್ಧ ಸಾಲು ಹಾಗೇ ಉಳಿಯಿತು. ಯಲಹಂಕದ ಅವರ ತಂಗಿಯ ನೆನಪು ನನಗೆ ಆಗ ಬಂತು. ಆಕೆಯೂ ಹಾಲು ಉಕ್ಕಿಸಿ ಹಳೆಯ ಮನೆಗೆ ಮರಳಿದ್ದಳು. ಆ ಹಳೆಯ ಮನೆ ಆರು ತಿಂಗಳು ಇದ್ದಲ್ಲೇ ಇತ್ತು.

ಶೆಡ್ಡು ಹೋದವರು ಅಂದು ರಸ್ತೆಯ ಅಂಚಿನಲ್ಲೇ ಟಾರ್ಪಾಲು ಕಟ್ಟಿಕೊಂಡರು. ಹೊಸ ಮನೆಗೆ ಹೋಗೋಣವೆಂದರೆ ಕೀಲಿ ಇಲ್ಲ. ಆಫೀಶಿಯಲ್ ಆಗಿ ಕೊಡಲು ದಿನಾಂಕ ಬಂದಿಲ್ಲ. ಕೀಲಿ ಕೊಟ್ಟರೂ ನೀರಿಲ್ಲ. ಮಾರನೆಯ ದಿನ ಗೊಂದಲ ಇನ್ನೊಂದು ದಿಕ್ಕು ಹಿಡಿಯಿತು: ಕೀಲಿ ಹಿಡಿದ ಚಿತ್ರವಿದೆ, ಆದರೂ ಜನ ರಸ್ತೆಯಲ್ಲಿದ್ದಾರೆ, ಹಾಗಾದರೆ ಇವರಿಗೆ ಮನೆ ಬೇಡವೇ ಎಂದು ಮೇಲಿನವರು ಕೇಳಿದರು. ಹಿರಿಯ ಅಧಿಕಾರಿಣಿಯೊಬ್ಬರು ಬುಧವಾರ ವಿಚಾರಣೆ ಇಟ್ಟುಕೊಂಡರು. ಅವರು ತೀರ್ಮಾನಿಸಬೇಕಿದ್ದದ್ದು ಒಂದೇ ಪ್ರಶ್ನೆ: ಈ ಜನ ಮನೆಗೆ ಹೋಗಿದ್ದಾರೋ ಇಲ್ಲವೋ. ಸಾಕ್ಷಿ ನಾನು.

ಹೋಗಿದ್ದಾರೆ ಎಂದರೆ ಕೆಡವಿದ್ದು ಸರಿ, ಉಳಿದ ಅರ್ಧವನ್ನೂ ಕೆಡವಬಹುದು. ಹೋಗಿಲ್ಲ ಎಂದರೆ ಮನೆ ಕೊಟ್ಟರೂ ಹೋಗದವರು ಎಂದಾಗುತ್ತದೆ. ದಾಸರಹಳ್ಳಿಯ ಗುಂಪಿಗೆ ಆ ಮನೆಗಳು ಹೋಗಬಹುದು. ಎಂಜಿನಿಯರ್ ಇದನ್ನು ನನಗೆ ಎರಡು ಸಲ ಬಿಡಿಸಿ ಹೇಳಿದರು. "ಯಾವುದ್ ಹೇಳಿದ್ರೂ ಕಷ್ಟ ಮೇಡಂ. ನೀವು ಯಾವುದ್ ಹೇಳ್ತೀರೋ ನಂಗೂ ಮೊದ್ಲೇ ಹೇಳ್ಬಿಡಿ, ನಾನೂ ಅದೇ ಹೇಳ್ತೀನಿ" ಎಂದರು.

ವಿಚಾರಣೆಗೆ ಹೋಗುವ ಮುಂಚೆ ಟಾರ್ಪಾಲಿನ ಹತ್ತಿರ ಹೋದೆ. ರೊಟ್ಟಿ ಅಕ್ಕ ಮೂರು ಕಲ್ಲು ಇಟ್ಟು ಹಂಚು ಕಾಯಿಸುತ್ತಿದ್ದಳು. ಖಾನಾವಳಿಯವರಿಗೆ ಎರಡು ದಿನ ರೊಟ್ಟಿ ತಪ್ಪಿತ್ತು. ಇನ್ನೊಂದು ದಿನ ತಪ್ಪಿದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿದ್ದರಂತೆ.

"ಹೋಗಿಲ್ಲ ಅನ್ರಿ ಮೇಡಂ. ಇದ್ದಲ್ಲೇ ಇದ್ದಾರ, ಶೆಡ್ ಸುಮ್ ಸುಮ್ನ ಕೆಡವ್ಯಾರ ಅನ್ರಿ" ಎಂದಳು.

ಅತ್ತೆಗೆ ಸಿಟ್ಟು ಬಂತು. "ಬಾಯಿ ಮುಚ್ಚ ನೀನು. ಹಾಲ ಉಕ್ಕಿಸಿ, ದೀಪ ಹಚ್ಚಿ, ಮಕ್ಕೊಂಡ ಬಂದು ಆ ಮನಿಗೆ ನಾವು ಹೋಗೇ ಇಲ್ಲ ಅಂತಾರೇನ? ಮನಿ ಕೇಳ್ತಿರ್ತದ. ಹೋಗೀವಿ ಅನ್ನವ್ವ ನೀನು."

"ಹೋಗೀವಿ ಅಂದ್ರ ಇವರದೂ ಕೆಡವ್ತಾರ ಯತ್ತಿ!" ಎಂದು ರೊಟ್ಟಿ ಅಕ್ಕ ಉಳಿದ ಅರ್ಧ ಸಾಲಿನ ಕಡೆ ಕೈ ತೋರಿಸಿದಳು.

"ಹೋಗಿಲ್ಲ ಅಂದ್ರ ಮನೀನ ಹೋಗ್ತದ!"

ಇಬ್ಬರೂ ನನ್ನ ಮುಖ ನೋಡಿದರು. ಇಬ್ಬರೂ ಹೇಳುತ್ತಿದ್ದುದು ನಿಜ. ಎರಡು ಉತ್ತರಗಳನ್ನೂ ಮನಸ್ಸಿನಲ್ಲಿ ಹೇಳಿ ನೋಡಿಕೊಂಡಿದ್ದೆ. ಯಾವುದೂ ನಾನು ನೋಡಿದ್ದರ ಹಾಗೆ ಕೇಳಿಸಿರಲಿಲ್ಲ.

ಅಧಿಕಾರಿಣಿ ಸೌಮ್ಯವಾಗಿಯೇ ಮಾತಾಡಿದರು. ಮೇಜಿನ ಮೇಲೆ ಚಿತ್ರಗಳನ್ನು ಸಾಲಾಗಿ ಜೋಡಿಸಿದ್ದರು. "ಉದ್ದ ಕಥೆ ಬೇಡ. ಹೋಗಿದಾರಾ, ಇಲ್ವಾ? ಅಷ್ಟು ಹೇಳಿ."

ಕಂಡದ್ದನ್ನು ಕ್ರಮವಾಗಿ ಹೇಳಲು ಶುರು ಮಾಡಿದೆ. "ಗುರುವಾರ ಹಾಲು ಉಕ್ಕಿಸಿದರು ಮೇಡಂ. ಅದು ನಿಜ. ಆ ರಾತ್ರಿ ಅಲ್ಲಿ ಮಲಗಿದರು. ಅದೂ ನಿಜ. ಕುಡಿಯುವ ನೀರು ಹೆಬ್ಬಾಳದಿಂದ ಒಯ್ದಿದ್ದರು. ಶುಕ್ರವಾರ ಕೀಲಿ ನಾನೇ ವಾಪಸು ಕೊಟ್ಟೆ. ಅಂದಿನಿಂದ ಸೋಮವಾರದವರೆಗೆ ಶೆಡ್ಡಿನಲ್ಲೇ ಇದ್ದರು. ಇದಕ್ಕೆ ಹೋಗಿದ್ದಾರೆ ಅನ್ನಬೇಕೋ ಇಲ್ಲ ಅನ್ನಬೇಕೋ ನನಗೆ ತಿಳಿಯುತ್ತಿಲ್ಲ. ಒಂದು ಮಾತಿನಲ್ಲಿ ಹೇಳಿದರೆ ಯಾವುದಾದರೂ ಒಂದು ಸುಳ್ಳಾಗುತ್ತೆ. ನೀವೇ ಒಂದು ಸಲ ಬಂದು ಆ ಮನೆಯ ನಲ್ಲಿ ತಿರುಗಿಸಿ ನೋಡಿ."

ಎಂಜಿನಿಯರ್ ತಲೆ ತಗ್ಗಿಸಿದರು. ನಾನು ಅವರಿಗೆ ಮೊದಲೇ ಇದನ್ನು ಹೇಳಿರಲಿಲ್ಲ. ಅಧಿಕಾರಿಣಿ ಸ್ವಲ್ಪ ಹೊತ್ತು ಆ ಚಿತ್ರಗಳನ್ನು ನೋಡಿದರು. "ನಮ್ಮನೇಲೂ ಅಮಾವಾಸ್ಯೆ ಒಳಗೇ ಮುಗಿಸ್ಕೊಂಡಿದ್ರು" ಎಂದು, ಯಾರಿಗೆ ಹೇಳಿದರೋ ತಿಳಿಯದಂತೆ ಹೇಳಿದರು. ಆಮೇಲೆ ಚಾಲಕನಿಗೆ ಗಾಡಿ ತೆಗೆಯಲು ಹೇಳಿದರು.

ಚಿಕ್ಕಬಾಣಾವರದಲ್ಲಿ ಕಾವಲುಗಾರ ಎದ್ದು ನಿಂತು ಪಂಚೆ ಕೆಳಗೆ ಬಿಟ್ಟ. ಮೂಲೆಯ ಮನೆಯ ಬಾಗಿಲು ತೆಗೆಸಿದರು. ಗೋಡೆಯ ಮೇಲೆ ಹಾಲು ಉಕ್ಕಿಸಿದ ಕಡೆ ಮಸಿ ಆಳೆತ್ತರಕ್ಕೆ ಏರಿತ್ತು. ಅಧಿಕಾರಿಣಿ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದರು. ಈ ಸಲ ಕೆಮ್ಮೂ ಬರಲಿಲ್ಲ.

"ಇಲ್ಲಿ ಯಾರಾದ್ರೂ ವಾಸ ಇದಾರಾ ಯಜಮಾನ್ರೇ?" ಎಂದು ಕಾವಲುಗಾರನನ್ನು ಕೇಳಿದರು.

ಆತ ನನ್ನ ಕಡೆ ನೋಡಿ, ಎಂಜಿನಿಯರ್ ಕಡೆ ನೋಡಿ, ಗೋಡೆಯ ಕಡೆ ನೋಡಿ ಹೇಳಿದ: "ಅವ್ರ್ ಮನೇನೇ ತಾಯಿ. ಆಲು ಉಕ್ಸವ್ರೆ, ನಾನೇ ನೋಡಿವ್ನಿ. ಆದ್ರೆ ನೀರಿಲ್ದೆ ಯಾರ್ ಇರ್ತಾರೆ?"

ಅಲ್ಲಿಯೇ ನಿಂತು ಆಕೆ ತೀರ್ಮಾನ ಕೊಟ್ಟರು. ಮನೆಗಳು ಇವರವೇ, ಯಾರಿಗೂ ಹೋಗುವುದಿಲ್ಲ. ನಲ್ಲಿಯಲ್ಲಿ ನೀರು ಬರುವವರೆಗೆ ಹೆಬ್ಬಾಳದ ಉಳಿದ ಅರ್ಧವನ್ನು ಯಾರೂ ಮುಟ್ಟುವಂತಿಲ್ಲ. ಶೆಡ್ಡು ಕಳೆದುಕೊಂಡವರಿಗೆ ಕೀಲಿ ಇವತ್ತೇ, ನೀರಿಗೆ ದಿನಾ ಟ್ಯಾಂಕರ್. ದಾಸರಹಳ್ಳಿಯವರಿಗೆ ಏನು ಎಂದು ನಾನು ಕೇಳಿದೆ. "ಅವ್ರು ಕಾಯ್ಬೇಕು" ಎಂದರು. ಅವರ ಮುಖ ನೋಡಿದರೆ ಅದು ಅವರಿಗೂ ಸರಿ ಎನಿಸಿದಂತಿರಲಿಲ್ಲ. ನಾನು ಗೆದ್ದೆನೆಂದು ಎಂಜಿನಿಯರ್ ಕೈ ಕುಲುಕಿದರು. ನನಗೆ ಹಾಗೆ ಅನಿಸಲಿಲ್ಲ. ಬೇರೆ ಏನು ಅನಿಸಬೇಕಿತ್ತು ಎನ್ನುವುದೂ ಹೊಳೆಯಲಿಲ್ಲ.

ಅದೇ ಸಂಜೆ ಟೆಂಪೊ ಮಾಡಿಸಿ ಅವರನ್ನು ಕಳಿಸಿದೆ. ಮೊದಲ ವಾರ ರೊಟ್ಟಿ ಅಕ್ಕ ಅಲ್ಲಿಂದಲೇ ಪ್ರಯತ್ನಿಸಿದಳು. ಮನೆಯ ಹಿಂದಿನ ಜಾಗದಲ್ಲಿ ಸೌದೆ ಹಚ್ಚಿದರೆ ಮೇಲಿನ ಮಹಡಿಗೆ ಬಂದಿದ್ದ ತನ್ನ ಜನವೇ ಕೂಗಾಡಿದರು. ಗ್ಯಾಸಿನ ಮೇಲೆ ಮಾಡಿದರೆ ಅರ್ಧ ಬುಟ್ಟಿ ಆಗುವಷ್ಟರಲ್ಲಿ ಬಿಸಿಲು ಏರುತ್ತಿತ್ತು. ಅದನ್ನು ಹೊತ್ತು ಬಸ್ಸು ಬದಲಿಸಿಕೊಂಡು ಆರ್.ಟಿ. ನಗರ ಮುಟ್ಟಿದರೆ ಖಾನಾವಳಿಯವರ ಮಧ್ಯಾಹ್ನದ ಊಟ ಶುರುವಾಗಿಬಿಟ್ಟಿರುತ್ತಿತ್ತು. ಸಮುಚ್ಚಯದ ಹೊರಗೆ ಎಲ್ಲಾದರೂ ಒಲೆ ಹಾಕಲು ಜಾಗ ಕೊಡಿಸಲು ನಾನು ಪ್ರಯತ್ನಿಸಿದೆ. ಹಾಗೊಂದು ಜಾಗ ನಕ್ಷೆಯಲ್ಲಿ ಇರಲಿಲ್ಲ. ಮನೆಯ ನಕ್ಷೆ ಬರೆಯುವಾಗ ಮಲಗುವುದನ್ನೂ ಅಡುಗೆಯನ್ನೂ ಯೋಚಿಸಿದ್ದರು. ದುಡಿಯುವುದು ಬೇರೆಲ್ಲೋ ಎಂದುಕೊಂಡಿದ್ದರು.

ಎರಡನೇ ವಾರ ಆಕೆ ಹೆಬ್ಬಾಳಕ್ಕೆ ಮರಳಿದಳು. ಉಳಿದ ಶೆಡ್ಡಿನ ಗೋಡೆಗೆ ಒರಗಿಸಿ ಒಂದು ಟಾರ್ಪಾಲು ಕಟ್ಟಿಕೊಂಡು, ಮುಂದೆ ಎರಡು ಒಲೆ ಹಾಕಿದಳು. ಹೊಸ ಮನೆಗಳ ನಲ್ಲಿಗೆ ನೀರು ಬಂದು ಆ ಶೆಡ್ಡುಗಳು ಖಾಲಿಯಾದ ಮೇಲೂ ಕಾಲುವೆಯ ಆಚೆ ದಂಡೆಗೆ ದಾಟಿ ಹಾಗೇ ಇದ್ದಳು. ಅತ್ತೆ, ಮಗಳು ಹೊಸ ಮನೆಯಲ್ಲಿ.

ಮೂರು ತಿಂಗಳಾದ ಮೇಲೆ ನಾನು ವಾಸದ ಪರಿಶೀಲನೆಗೆ ಹೋಗಬೇಕಾಯಿತು. ಯಾರ ಹೆಸರಿನಲ್ಲಿ ಮನೆ ಇದೆಯೋ ಅವರು ಅಲ್ಲಿ ವಾಸವಿರಬೇಕು. ಇಲ್ಲದಿದ್ದರೆ ನೋಟೀಸು, ಆಮೇಲೆ ರದ್ದು. ಮನೆ ರೊಟ್ಟಿ ಅಕ್ಕನ ಹೆಸರಿನಲ್ಲಿತ್ತು. ಯಾವ ದಿನ ಹೋಗಬೇಕೆಂದು ಯಾರೂ ಹೇಳಿರಲಿಲ್ಲ. ಖಾನಾವಳಿಗಳಿಗೆ ಭಾನುವಾರ ರಜೆ, ನಾನು ಅಂದೇ ಹೋದೆ.

ಬಾಗಿಲು ತೆಗೆದದ್ದು ಅತ್ತೆ. ಬಾಯಿಯ ಮೇಲೆ ಬೆರಳಿಟ್ಟಳು. ಒಳಗೆ ರೂಮಿನಲ್ಲಿ ರೊಟ್ಟಿ ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮೈ ಮೇಲಿನ ಸೀರೆಗೆ ಇನ್ನೂ ಹಿಟ್ಟು ಅಂಟಿತ್ತು. ಅಡುಗೆಮನೆಯಲ್ಲಿ ಹುಡುಗಿ ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದಳು.

"ಇವತ್ತ ಐತಾರ ಅಂತ ಬೆಳಿಗ್ಗಿ ಬಂದು ಬಿದ್ದಾಳ. ಎಬ್ಬಿಸ್ಲೇನವ್ವ?" ಎಂದು ಅತ್ತೆ ಪಿಸುಗುಟ್ಟಿದಳು.

"ಬೇಡಮ್ಮ. ಮಲಗಲಿ."

ನಾನು ಹಾಲ್‌ನಲ್ಲಿ ಚಾಪೆಯ ಮೇಲೆ ಕೂತೆ. ಅತ್ತೆ ಚಹಾ ಕೊಟ್ಟಳು. ಆಕೆಗೆ ಈ ಮನೆಯಲ್ಲಿ ಮೊಣಕಾಲು ಕಡಿಮೆಯಾಗಿದೆಯಂತೆ. ಹುಡುಗಿಗೆ ಶಾಲೆ ಹತ್ತಿರ. ಮಳೆ ಬಂದಾಗ ಇಬ್ಬರೂ ಎದ್ದು ಕೂತು ಸುಮ್ಮನೆ ಸದ್ದು ಕೇಳುತ್ತಾರಂತೆ, ಒಳಗೆ ಬರುವುದಿಲ್ಲವಲ್ಲ ಎಂದು. "ಆಕಿ ಒಬ್ಬಾಕಿ ಅಲ್ಲಿ ತೊಯ್ತಿರ್ತಾಳ" ಎಂದು ಕೊನೆಗೆ ಸೇರಿಸಿದಳು.

ರೊಟ್ಟಿ ಅಕ್ಕ ಎದ್ದಾಗ ಬಿಸಿಲು ಇಳಿದಿತ್ತು. ಎದ್ದವಳು ಗಾಬರಿಯಿಂದ ಗೋಡೆಗಳನ್ನು ನೋಡಿದಳು, ಆಮೇಲೆ ನನ್ನನ್ನು. "ನೀವ್ಯಾವಾಗ ಬಂದ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮಗಳಿಗೆ, "ಬಸ್ ಹೋತೇನ?" ಎಂದಳು. ಸೋಮವಾರದ ರೊಟ್ಟಿಗೆ ಅಂದು ಸಂಜೆಯೇ ಹೆಬ್ಬಾಳ ಸೇರಬೇಕಿತ್ತು. ಮುಖ ತೊಳೆದು, ಜೋಳದ ಹಿಟ್ಟಿನ ಚೀಲವನ್ನು ತಲೆಯ ಮೇಲಿಟ್ಟುಕೊಂಡು ಹೊರಟಳು. ನಾನೂ ಜೊತೆಗೆ ಹೊರಟೆ. ಸ್ಟಾಪಿನಲ್ಲಿ ಬಸ್ಸು ಕಾಣಿಸಿದಾಗ ಅವಳೇ ಕೇಳಿದಳು.

"ಏನಂತ ಬರಕೊಂಡ್ರಿ ಮೇಡಂ?"

"ಹೋದಾಗ ಮನೆಯಲ್ಲಿ ಮಲಗಿದ್ದರು ಅಂತ."

ಅವಳು ಒಂದು ಕೈಯಿಂದ ಚೀಲ ಹಿಡಿದು ಇನ್ನೊಂದು ಕೈಯಿಂದ ಬಸ್ಸಿನ ಕಂಬಿ ಹಿಡಿದಳು. "ಖರೇನ ಅದಲ್ರಿ" ಎಂದಳು. ಹತ್ತಿ ನಿಂತ ಮೇಲೆ ಬಗ್ಗಿ, ಬಾಗಿಲಿನಿಂದಲೇ ಕೂಗಿದಳು: "ಮುಂದಿನ ಸಲಾನೂ ಐತಾರಾನ ಬರ್ರಿ!"